ಐವತ್ತಾರು ಪಾಯಿಂಟ್ ನಾಲ್ಕು

ಸಿದ್ದಾರೂಢ ನಮ್ಮ ಲ್ಯಾಬಿಗೆ ಮೊದಲ ಸಲ ಬಂದದ್ದು ಜಗಳವಾಡಲು. ನಾನು ಸಹಿ ಮಾಡಿದ ರಿಪೋರ್ಟನ್ನು ಕೌಂಟರಿನ ಮೇಲಿಟ್ಟು, ಈ ನೇತ್ರಾ ಅನ್ನುವವರು ಯಾರು, ಅವರ ಥರ್ಮಾಮೀಟರ್ ಕೆಟ್ಟಿರಬೇಕು ಎಂದ. ಕೌಂಟರಿನಲ್ಲಿದ್ದ ವೃಷಾಲಿ ನಗು ತಡೆದುಕೊಂಡು ನನ್ನತ್ತ ಬೆರಳು ಮಾಡಿದಳು. ನನಗೆ ಸಿಟ್ಟು ಬೇಗ ಬರುತ್ತದೆ. ನನ್ನ ಥರ್ಮಾಮೀಟರ್ ಬಗ್ಗೆ ಮಾತಾಡಿದರೆ ಇನ್ನೂ ಬೇಗ ಬರುತ್ತದೆ.

ನಮ್ಮ ಇಚಲಕರಂಜಿ ಮಗ್ಗಗಳ ಊರು. ಇಲ್ಲಿ ನೂಲನ್ನು ಮಗ್ಗಕ್ಕೆ ಏರಿಸುವ ಮುಂಚೆ ಗಂಜಿ ಹಾಕುತ್ತಾರೆ. ಆ ಗಂಜಿಯಲ್ಲಿ ಚೂರು ಮೇಣ ಬೆರೆಸಿದರೆ ನೂಲು ಮೆತ್ತಗಾಗುತ್ತದೆ, ಸುಲಭಕ್ಕೆ ಕಡಿಯುವುದಿಲ್ಲ. ಇದೇ ಊರಿನ ಶಹಾಪುರದ ಒಂದು ಶೆಡ್ಡಿನಲ್ಲಿ ಸಿದ್ದಾರೂಢ ಮತ್ತು ಅವನ ಕಾಕಾ ಅಂಥ ಮೇಣ ಮಾಡುತ್ತಾರೆ. ಅದು ಐವತ್ತಾರು ಡಿಗ್ರಿಯ ಆಸುಪಾಸಿನಲ್ಲಿ ಕರಗಬೇಕು. ಬಿಸಿ ಓವನ್ನಿನಲ್ಲಿ ಎರಡು ತಾಸು ಇಟ್ಟರೂ ಬಣ್ಣ ಕೆಡಬಾರದು, ತೂಕ ಇಳಿಯಬಾರದು. ಇವನ ಮೇಣ ಐವತ್ತಮೂರಕ್ಕೇ ಕರಗಿತ್ತು. ನಾನು ಫೇಲ್ ಎಂದು ಬರೆದಿದ್ದೆ.

ಗ್ರಾಹಕರು ಬೇಕೆಂದರೆ ಎದುರು ಕೂತು ಪರೀಕ್ಷೆ ನೋಡಬಹುದು ಎಂಬ ನಿಯಮ ನಮ್ಮಲ್ಲಿದೆ. ಏಳು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೇ ಸ್ಟೂಲ್ ಎಳೆದು, "ಕುಂದರ್ರಿ. ನಿಮ್ಮ ಕಣ್ಣಿಂದ ನೀವ ನೋಡ್ರಿ" ಎಂದೆ.

ಮೇಣದ ಪುಡಿಯನ್ನು ಸೂಜಿಯಂಥ ಗಾಜಿನ ನಳಿಗೆಗೆ ತುಂಬಿ, ಥರ್ಮಾಮೀಟರಿಗೆ ಕಟ್ಟಿ, ನೀರಿನ ಬೀಕರಿಗೆ ಇಳಿಸಿದೆ. ಕರಗುವ ಹೊತ್ತು ಹತ್ತಿರ ಬಂದ ಮೇಲೆ ಅವಸರ ಮಾಡುವಂತಿಲ್ಲ. ನಿಮಿಷಕ್ಕೆ ಒಂದೇ ಡಿಗ್ರಿ ಏರಬೇಕು. ನಾನು ಈ ಕಡೆಯಿಂದ ಭೂತಗನ್ನಡಿಗೆ ಕಣ್ಣು ಹಚ್ಚಿದ್ದೆ, ಅವನು ಆ ಕಡೆಯಿಂದ ಬಗ್ಗಿದ್ದ. ನೀರಿನ ಆಚೆ ಅವನ ಕಣ್ಣುಗಳು ದೊಡ್ಡದಾಗಿ ಕಂಡವು. ಅವು ಮೇಣವನ್ನು ನೋಡುತ್ತಿರಲಿಲ್ಲ.

"ನಳಿಗಿ ಕೆಳಗ ಐತ್ರಿ" ಎಂದೆ. ಅವನ ಕಿವಿ ಕೆಂಪಾಯಿತು.

ಮೇಣ ಮತ್ತೆ ಐವತ್ತಮೂರಕ್ಕೇ ಕರಗಿತು. ಅವನು ವಾದ ಮಾಡಲಿಲ್ಲ. ತಪ್ಪು ತನ್ನದೇ ಎಂದು ಹೇಳಿ, ಥರ್ಮಾಮೀಟರಿನ ಕ್ಷಮೆಯನ್ನೂ ಕೇಳಿ ಎದ್ದು ಹೋದ. ಗಂಡಸೊಬ್ಬ ಇಷ್ಟು ಬೇಗ ತಪ್ಪು ಒಪ್ಪಿಕೊಂಡದ್ದನ್ನು ಗಡಹಿಂಗ್ಲಜದ ನಮ್ಮ ಮನೆಯಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಅವತ್ತು ಬೀಕರ್ ತೊಳೆಯುವಾಗ ಯಾಕೋ ನಗು ಬರುತ್ತಿತ್ತು.

ಮುಂದಿನ ಗುರುವಾರ ಹೊಸ ಬ್ಯಾಚಿನ ತುಂಡು ತಂದ. ಐವತ್ತಾರು ಪಾಯಿಂಟ್ ನಾಲ್ಕು, ಪಾಸ್. ಅಲ್ಲಿಂದ ಪ್ರತಿ ಗುರುವಾರ ಹೊಸ ಬ್ಯಾಚ್ ನಂಬರ್, ಅದೇ ಸ್ಟೂಲು. ಒಂದೊಂದು ಡಿಗ್ರಿಗೆ ಒಂದೊಂದು ಮಾತು. ನಾನು ಅವ್ವನ ತಂಗಿಯಾದ ಮಾವಶಿಯ ಮನೆಯಲ್ಲಿರುವುದು, ಓದಿದ್ದು ಕೊಲ್ಹಾಪುರದಲ್ಲಿ ಎಂಬುದು ಅವನಿಗೆ ಗೊತ್ತಾಯಿತು. ಅವನು ಕುರುಂದವಾಡದ ಸೋದರಮಾವನ ಮನೆಯಲ್ಲಿದ್ದು ಹೊಳೆಯಲ್ಲಿ ಈಜು ಕಲಿತದ್ದು ನನಗೆ ಗೊತ್ತಾಯಿತು. ಒಂದೊಂದು ದಿನ ನಾನು ಬಿಸಿಯನ್ನು ಇನ್ನೂ ಸಣ್ಣಗೆ ಮಾಡಿ, ಎರಡು ನಿಮಿಷಕ್ಕೆ ಒಂದು ಡಿಗ್ರಿ ಏರುವಂತೆ ನೋಡಿಕೊಂಡೆ. ಪುಸ್ತಕದಲ್ಲಿ ಅದಕ್ಕೇನೂ ಅಡ್ಡಿಯಿಲ್ಲ.

ಮೂರನೇ ಸಲವೂ ಐವತ್ತಾರು ಪಾಯಿಂಟ್ ನಾಲ್ಕೇ ಬಂದಾಗ ನನಗೆ ಅನುಮಾನ ಬಂತು. ಒಂದೊಂದು ಕೊಪ್ಪರಿಗೆ ಒಂದೊಂದು ಥರ ಇರುತ್ತದೆ, ಎರಡು ಬ್ಯಾಚು ಕೂದಲೆಳೆಯಷ್ಟೂ ಬೇರೆಯಾಗದೆ ಬರುವುದು ಅಪರೂಪ. ಕಪಾಟಿನಲ್ಲಿ ಎತ್ತಿಟ್ಟಿದ್ದ ಹಿಂದಿನ ವಾರದ ಚೂರನ್ನು ತೆಗೆದು ಈ ವಾರದ ಚೂರಿಗೆ ಹಿಡಿದೆ. ಒಡೆದ ಕೊಬ್ಬರಿ ಬಟ್ಟಲಿನ ಹಾಗೆ ಸರಿಯಾಗಿ ಕೂಡಿತು. ಮಹಾಶಯ ಪಾಸಾದ ಒಂದೇ ಗಡ್ಡೆಯನ್ನು ಒಡೆದೊಡೆದು ತರುತ್ತಿದ್ದ.

ಆಗಲೇ ಹೇಳಬೇಕಿತ್ತು. ಹೇಳಿದರೆ ಅವನು ನಾಚಿಕೊಂಡು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ನನಗೆ ಗುರುವಾರ ಬೇಕಾಗಿತ್ತು. ಬಂದ ಅಂಕಿಯನ್ನೇ ಬರೆದು ಸುಮ್ಮನಾದೆ.

ಅದರ ಫಲ ಏಳನೇ ವಾರ ಸಿಕ್ಕಿತು. ಆಡಿಟ್ ಹತ್ತಿರ ಬಂದಿದ್ದರಿಂದ ಲ್ಯಾಬಿನ ಹಿರಿಯರಾದ ಬಾಪೂಸಾಹೇಬರು ಫೈಲು ತಿರುವುತ್ತಿದ್ದರು. ಆರು ಬ್ಯಾಚು, ಆರು ರಿಪೋರ್ಟು, ಎಲ್ಲದರಲ್ಲೂ ಒಂದೇ ಅಂಕಿ. ಪರೀಕ್ಷೆ ಮಾಡಿದೆಯೋ ಅಥವಾ ಕುರ್ಚಿಯಲ್ಲಿ ಕೂತೇ ಬರೆದೆಯೋ ಎಂದು ಕೇಳಿದರು. ನಮ್ಮ ಕೆಲಸದಲ್ಲಿ ಅದಕ್ಕಿಂತ ಕೆಟ್ಟ ಹೆಸರಿಲ್ಲ. ಒಮ್ಮೆ ಬಂದರೆ ಯಾವ ಲ್ಯಾಬೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಒಂದು ಮಾತು ಹೇಳಿದ್ದರೆ ನಾನು ಪಾರಾಗುತ್ತಿದ್ದೆ. ಆದರೆ ಆ ಮಾತು ಹೊರಬಿದ್ದರೆ, ಸುಳ್ಳು ನಂಬರಿನ ಮೇಣ ಕೊಡುವವನು ಎಂದು ಊರಿಡೀ ಅವನ ಹೆಸರು ಕೆಡುತ್ತಿತ್ತು. ಪರೀಕ್ಷೆ ಮಾಡಿದ್ದೇನೆ ಎಂದಷ್ಟೇ ಹೇಳಿದೆ. ಅವರು ನಂಬಲಿಲ್ಲ. ನನ್ನ ಸಹಿಯ ಅಧಿಕಾರ ನಿಲ್ಲಿಸಿದರು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಪ್ರೀತಿ ಆಗಿದೆ ಎಂದು ನನಗೆ ಖಾತ್ರಿಯಾದದ್ದು ಅಲ್ಲಿಯೇ, ಮುಖ ತೊಳೆದುಕೊಳ್ಳುವಾಗ.

ಆ ಗುರುವಾರವೂ ಅವನು ಬಂದ. ಖಾಲಿ ಮೇಜಿನ ಮುಂದೆ ಕೂತಿದ್ದ ನನ್ನನ್ನು ನೋಡಿ ನಿಂತುಬಿಟ್ಟ. ನಾನು ತಲೆ ಎತ್ತಲಿಲ್ಲ. ವೃಷಾಲಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೈಯಲ್ಲಿದ್ದ ತುಂಡನ್ನು ಕೌಂಟರಿನ ಮೇಲಿಟ್ಟು ನೇರ ಬಾಪೂಸಾಹೇಬರ ಕೋಣೆಗೆ ನುಗ್ಗಿದ. ನಾನೂ ಹಿಂದೆ ಓಡಿದೆ.

"ಇವರದೇನೂ ತಪ್ಪಿಲ್ಲ ಸಾಹೇಬ್ರ. ಆರೂ ಒಂದ ಗಡ್ಡೀವು. ನಾನ ಒಡದು ತಂದೇನಿ" ಎಂದ. ಚೀಲದಿಂದ ಬೇರೆ ಕಾಗದಗಳ ಕಟ್ಟು ತೆಗೆದು ಮೇಜಿನ ಮೇಲೆ ಹರಡಿದ. ಮಾರಾಟಕ್ಕೆಂದು ಮಾಡಿದ ಒಂದೊಂದು ಬ್ಯಾಚನ್ನೂ ಅವನು ಕೊಲ್ಹಾಪುರದ ಇನ್ನೊಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ದ. ನಡುವೆ ಒಂದು ಬ್ಯಾಚು ಫೇಲಾಗಿತ್ತು, ಅದನ್ನು ಮಾರಿರಲಿಲ್ಲ.

ಇಚಲಕರಂಜಿಯಲ್ಲೇ ಲ್ಯಾಬಿರುವಾಗ ಅಷ್ಟು ದೂರ ಯಾಕೆ ಹೋದೆ ಎಂದು ಬಾಪೂಸಾಹೇಬರು ಕೇಳಿದರು.

"ಇವರ ಮುಂದ ಇನ್ನೊಂದ್ಸಲ ಫೇಲ್ ಆಗಾಕ ಧೈರ್ಯ ಇರಲಿಲ್ರಿ."

"ಹಂಗಾದ್ರ ಇಲ್ಲಿ ಬರೂದು ಬಿಡಬೇಕಿತ್ತಲ್ಲ?"

ಅವನು ನನ್ನ ಕಡೆ ನೋಡಲಿಲ್ಲ. "ಬರದ ಇರಾಕೂ ಆಗಲಿಲ್ರಿ" ಎಂದ.

ಬಾಪೂಸಾಹೇಬರು ಕನ್ನಡಕ ತೆಗೆದು ನನ್ನತ್ತ ತಿರುಗಿದರು. ಏಳು ವರ್ಷದ ಕೆಮಿಸ್ಟು, ನಿನಗೆ ಗೊತ್ತಾಗಲಿಲ್ಲವೇ ಎಂದರು. ಸುಳ್ಳು ಹೇಳಿದ್ದರೆ ನಡೆದುಹೋಗುತ್ತಿತ್ತು. ಆದರೆ ಅವನು ಅಷ್ಟು ಹೇಳಿದ ಮೇಲೆ ನಾನು ಬಚ್ಚಿಡುವುದು ಸರಿಯಿರಲಿಲ್ಲ.

"ಮೂರನೇ ಸಲಕ್ಕ ಗೊತ್ತಾಗಿತ್ತು ಸರ್. ಹೇಳಿದ್ರ ಇವರು ಬರೂದು ಬಿಡ್ತಾರ ಅಂತ ಸುಮ್ಮನಾದೆ."

ಸಿದ್ದಾರೂಢ ಈಗ ನನ್ನ ಕಡೆ ನೋಡಿದ. ಆ ನೋಟವನ್ನು ವರ್ಣಿಸಲು ನನಗೆ ಬರುವುದಿಲ್ಲ.

ಬಾಪೂಸಾಹೇಬರು ನಮ್ಮಿಬ್ಬರನ್ನೂ ಮರಾಠಿಯಲ್ಲಿ ಮನಸಾರೆ ಬೈದರು. ಐದು ರಿಪೋರ್ಟುಗಳಿಗೆ ರದ್ದು ಎಂದು ಗೀಟು ಎಳೆದರು. ಸಹಿಯ ಅಧಿಕಾರ ವಾಪಸು ಕೊಟ್ಟರು, ಆದರೆ ಇನ್ನು ಮುಂದೆ ಇವನ ಮೇಣವನ್ನು ನಾನು ಮುಟ್ಟುವಂತಿಲ್ಲ ಎಂದರು. ನಮ್ಮವರ ಸ್ಯಾಂಪಲನ್ನು ನಾವೇ ಪರೀಕ್ಷಿಸಬಾರದು ಎಂಬುದು ಲ್ಯಾಬಿನ ನಿಯಮ. ಅದಕ್ಕೊಂದು ಫಾರ್ಮ್ ಇದೆ. ಅದನ್ನು ನನ್ನ ಮುಂದೆ ಸರಿಸಿ, ಚಹಾ ಕುಡಿದು ಬರುತ್ತೇನೆ ಎಂದು ಎದ್ದು ಹೋದರು.

ಹೆಸರು ಬರೆದೆ, ತಾರೀಖು ಬರೆದೆ. ಮೂರನೇ ಅಂಕಣ, ಗ್ರಾಹಕರು ನಿಮಗೆ ಏನಾಗಬೇಕು ಎಂದಿತ್ತು. ಪೆನ್ನು ನಿಂತಿತು.

ಅವನು ಮೆಲ್ಲಗೆ, "ರವಿವಾರ ನಮ್ಮವ್ವನ್ನ ಕರಕೊಂಡು ಗಡಹಿಂಗ್ಲಜಕ್ಕ ಬರ್ತೇನ್ರಿ. ಅಲ್ಲೀಮಟಾ ಅದನ್ನ ಖಾಲಿ ಬಿಡ್ರಿ" ಎಂದ.

"ನಮ್ಮ ಲ್ಯಾಬಿನ್ಯಾಗ ಖಾಲಿ ಬಿಡಂಗಿಲ್ರಿ" ಎಂದೆ.

'ಗಂಡ ಆಗುವವರು' ಎಂದು ಬರೆದು, ಕೆಳಗೆ ಸಹಿ ಮಾಡಿ, ಗ್ರಾಹಕರ ಸಹಿಯ ಜಾಗ ತೋರಿಸಿ ಪೆನ್ನನ್ನು ಅವನ ಕೈಗೆ ಕೊಟ್ಟೆ. ಹೆಸರಿನ ಮೊದಲ ಅಕ್ಷರ ಬರೆಯಲು ಅವನಿಗೆ ಒಂದು ನಿಮಿಷ ಹಿಡಿಯಿತು.