ಅಕ್ಕನನ್ನು ನೋಡಲು ಬಂದ ಮೂವರು

“ಇನ್ನೊಂದು ಸಲ ಬಾಗಿಲ ತನಕ ನಡೀಲಿ,” ಎಂದ ತೋಟಪ್ಪ.

ಅವನೇನು ಮದುವೆ ಗಂಡಲ್ಲ. ಗಂಡು ಕರಿಬಸವರಾಜ, ದಾವಣಗೆರೆಯ ಬಟ್ಟೆ ಅಂಗಡಿಯವರ ಮಗ. ಹರಿಹರಕ್ಕೆ ಹೆಣ್ಣು ನೋಡಲು ಅಪ್ಪನ ಜೊತೆಗೆ ಇಬ್ಬರು ಗೆಳೆಯರನ್ನೂ ಕಟ್ಟಿಕೊಂಡು ಬಂದು, ಅವರ ನಡುವೆ ಜಮಖಾನದ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕೇಳುವುದೆಲ್ಲ ಗೆಳೆಯರದೇ. ತೋಟಪ್ಪ ಹಾಡಿಸಿದ. ಲಿಂಗಣ್ಣ ಸೂಜಿಗೆ ದಾರ ಪೋಣಿಸಲು ಹೇಳಿದ. ದೊಡ್ಡವರು ನಕ್ಕು ಸುಮ್ಮನಿದ್ದರು.

ಅನ್ನಪೂರ್ಣಕ್ಕ ಮತ್ತೆ ನಡೆದಳು. ಬಾಗಿಲ ಬಳಿ ನಿಂತಿದ್ದ ಐದನೇ ಕ್ಲಾಸಿನ ದ್ರಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. ನಡೆಸಿ ನೋಡಲು ಅಕ್ಕನೇನು ಸಂತೆಗೆ ತಂದ ಎತ್ತೇ?

ಇದನ್ನು ಅವಳು ಎಲ್ಲೋ ನೋಡಿದ್ದಳು. ಹೌದು, ಹೋದ ವಾರ ದಾವಣಗೆರೆಯ ಟಾಕೀಸಿನಲ್ಲಿ. ಮದುವೆಯೇ ಬೇಡ ಎಂದು ಆಣೆ ಮಾಡಿಕೊಂಡ ಮೂವರು ಗೆಳೆಯರ ಸಿನಿಮಾ. ಅವರಲ್ಲೊಬ್ಬ ಹುಡುಗಿಯೊಬ್ಬಳನ್ನು ಮೆಚ್ಚಿದಾಗ ಉಳಿದಿಬ್ಬರು ಅವಳನ್ನು ಹೀಗೇ ನಡೆಸಿ, ಹಾಡಿಸಿ ಪರೀಕ್ಷೆ ಮಾಡುತ್ತಾರೆ. ಹೆಂಗಸರ ಬೆಂಚಿನಲ್ಲಿ ಕೂತು ದ್ರಾಕ್ಷಾಯಣಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಇವರೂ ಅದನ್ನೇ ನೋಡಿ ಬಂದಿದ್ದಾರೆ. ಇವತ್ತು ಮಾತ್ರ ಅವಳಿಗೆ ಒಂಚೂರೂ ನಗು ಬರಲಿಲ್ಲ.

ತೋಟಪ್ಪ ಮೀಸೆ ತೀಡಿದ. “ಕಡೇ ಕ್ವೆಶ್ಚನ್. ಮದುವೆ ಆದಮ್ಯಾಲೂ ನಮ್ಮ ಕರಿಬಸಣ್ಣನ್ನ ಸೆಕೆಂಡ್ ಷೋಕ್ಕೆ ನಮ್ಮ ಕೂಡ ಕಳಿಸ್ತೀರೇನ್ರಿ?”

“ಮದುವೆ ಆಗೋರು ಒಬ್ಬರೋ, ಮೂರು ಮಂದಿನೋ?”

ದ್ರಾಕ್ಷಾಯಣಿಯ ಬಾಯಿಂದ ಬಂದೇಬಿಟ್ಟಿತ್ತು. ಅವಳ ಅಪ್ಪ ಕಣ್ಣು ಕೆಂಪಗೆ ಮಾಡಿ ಒಳಗೆ ಹೋಗು ಎಂದರು. ಆದರೆ ಅಕ್ಕ ತಲೆ ಎತ್ತಿದಳು.

“ಅವಳು ಕೇಳಿದ್ದರಾಗೆ ತಪ್ಪೇನೈತಪ್ಪ? ಮದುವೆ ಆಗೋ ಇವರ ದನೀನೇ ನಾನು ಕೇಳಿಲ್ಲ. ಇವರು ಬಾಯಿ ಬಿಡೋ ತನಕ ನಾನು ಹೂಂ ಅನ್ನಲ್ಲ.”

ಕರಿಬಸವರಾಜ ತೋಟಪ್ಪನ ಮುಖ ನೋಡಿದ. ತೋಟಪ್ಪ ಗಂಟಲು ಸರಿಮಾಡಿಕೊಂಡ.

“ನೀ ಸುಮ್ನಿರೋ ಮಾರಾಯ,” ಎಂದ ಕರಿಬಸವರಾಜ. ಅವನ ಕಿವಿಗಳು ಕೆಂಪಾಗಿದ್ದವು. “ಒಬ್ಬನೇ ಬರಾಕೆ ಹೆದರಿಕೆ ಆತ್ರಿ. ಅದಕ್ಕ ಇವರನ್ನ ಕರ್ಕೊಂಡು ಬಂದೆ.”

ಅಕ್ಕ ಅಡುಗೆಮನೆಗೆ ನಡೆದಳು. ದ್ರಾಕ್ಷಾಯಣಿ ಹಿಂದೆಯೇ ಓಡಿ, ಇಂಥ ಪುಕ್ಕಲ ನಮಗೆ ಬೇಡವೇ ಬೇಡ ಎಂದು ಪಿಸುಗುಟ್ಟಿದಳು.

ಅಕ್ಕ ಚಹಾ ಬಗ್ಗಿಸುತ್ತಿದ್ದಳು. ಅರ್ಧ ಚಹಾ ಲೋಟದ ಹೊರಗೇ ಚೆಲ್ಲುತ್ತಿತ್ತು.

“ನಂಗೂ ಹೆದರಿಕೇನೇ ಕಣೆ. ನಾನು ಆ ಮನೆಗೆ ಯಾರನ್ನ ಕರ್ಕೊಂಡು ಹೋಗ್ಲಿ?”

ದ್ರಾಕ್ಷಾಯಣಿಗೆ ಇದು ಹೊಳೆದೇ ಇರಲಿಲ್ಲ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಇಬ್ಬರ ಚಾ ಹೊರಗ ಕಟ್ಟೆ ಮ್ಯಾಲೆ ಇಟ್ಟು, ಅಲ್ಲೇ ಕೂಡ್ರಿ ಅನ್ನು. ನಾನು ಇವರ ಕೂಡ ಮಾತಾಡಬೇಕು.”

ದ್ರಾಕ್ಷಾಯಣಿ ಹಾಗೇ ಮಾಡಿದಳು. ತೋಟಪ್ಪ ಗೊಣಗುತ್ತ ಹೊರಗೆ ಹೋದ, ಲಿಂಗಣ್ಣ ಅವನ ಹಿಂದೆ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಬಾಗಿಲ ಬಳಿ ನಿಲ್ಲದೆ, ನಡುಮನೆಗೆ ಹೋಗಿ ಅಕ್ಕನಿಗೆ ಅಂಟಿಕೊಂಡು ಕೂತಳು. ಸೆರಗಿನ ಕೆಳಗೆ ಅಕ್ಕನ ಕೈ ತಣ್ಣಗಿತ್ತು. ಅದನ್ನು ಬಿಗಿಯಾಗಿ ಹಿಡಿದುಕೊಂಡಳು.