ಏಳನೇ ಕಲ್ಲಿನ ತೂಕ

ಏಳನೇ ಕಲ್ಲು ಮಾಯವಾಗಿತ್ತು.

ಜಾಲಿಗುಡ್ಡದ ಮೇಲೆ, ನೆತ್ತಿಗೆ ಹಿತ್ತಾಳೆ ಬೋಲ್ಟು ಕೂರಿಸಿದ ಹನ್ನೆರಡು ಸಿಮೆಂಟ್ ಕಲ್ಲು ನೆಡಿಸಿದವಳು ಮಹಾಲಕ್ಷ್ಮಿ. ತಿಂಗಳಿಗೊಮ್ಮೆ ಪ್ರತಿ ಕಲ್ಲಿನ ಮೇಲೂ ಗ್ರಾವಿಮೀಟರ್ ಇಟ್ಟು, ಅಲ್ಲಿ ಭೂಮಿಯ ಸೆಳೆತ ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಈ ವಿದ್ಯೆಯನ್ನು ಕರಗತ ಮಾಡಿಕೊಂಡದ್ದು ಇಂಡೋನೇಷ್ಯಾದ ಜ್ವಾಲಾಮುಖಿಯೊಂದರ ಮೇಲೆ. ನೆಲದಡಿ ಕರಗಿದ ಕಲ್ಲು ಸರಿದಾಡಿದರೆ ಮೇಲಿನ ಸೆಳೆತ ಕೂದಲೆಳೆಯಷ್ಟು ಬದಲಾಗುತ್ತದೆ. ಮೂರು ವರ್ಷ ಅದನ್ನೇ ಕಾಯ್ದವಳು. ಈಗ ಮಸ್ಕಿ ಹತ್ತಿರದ ತನ್ನೂರಲ್ಲಿ, ಮುಚ್ಚಿದ ಚಿನ್ನದ ಗಣಿ ಎಲ್ಲಿ ಕುಸಿದೀತೆಂದು ನೋಡುವ ಕೆಲಸಕ್ಕೆ ಬಂದಿದ್ದಳು.

ಕಲ್ಲು ಕಿತ್ತ ಗುಂಡಿಯ ಸುತ್ತ ಊರೇ ನೆರೆದಿತ್ತು. ನಡುವೆ ಅವಳ ತಾಯಿ ಗಿರಿಯಮ್ಮ ತಲೆ ತಗ್ಗಿಸಿ ನಿಂತಿದ್ದಳು.

“ಕಲ್ಲಿನ ಹಿತ್ತಾಳಿ ಬೋಲ್ಟು ಈಕಿ ಕುರಿ ಹಟ್ಟ್ಯಾಗ ಸಿಕ್ಕೈತ್ರಿ ಸಾಹೇಬ್ರ,” ಎಂದ ಗಣಿಯ ಕಾವಲು ಮೇಲ್ವಿಚಾರಕ ಸಿದ್ದಲಿಂಗೇಶ. “ಕುರಿ ಕಾಯಾಕಿಗೆ ಗುಡ್ಡ ಬಿಟ್ರ ಹಿಂಗಾ ಆಗೋದು.”

“ನಾ ಮುಟ್ಟಿಲ್ಲವ್ವಾ,” ಗಿರಿಯಮ್ಮ ಮಗಳತ್ತ ನೋಡಿದಳು. “ಯಾರೂ ಕೆಡಸಬಾರದಂತ ಸ್ವಾಮಾರಕ್ಕೊಮ್ಮೆ ಹನ್ನೆಡ್ಡಕ್ಕೂ ದೇವರ ಇಬತ್ತಿ ಹಚ್ಚೀನಿ. ಹಚ್ಚಿದ ಕೈಲೇ ಕೀಳ್ತೀನೇನು?”

ಪಿಎಸ್‌ಐ ಆನಂದಕುಮಾರ ಗಡಿಯಾರ ನೋಡಿದ. “ಸಂಜಿಮಟ ನೋಡ್ತೀನ್ರಿ ಮೇಡಂ. ಆಮ್ಯಾಲೆ ನಿಮ್ಮವ್ವನ್ನ ಠಾಣೆಗೆ ಕರಕೊಂಡು ಹೋಗಬೇಕಾಗ್ತೈತಿ.”

ಹುಟ್ಟಿದಾಗಿನಿಂದ ಯಾರ ಕಡ್ಡಿಯನ್ನೂ ಮುಟ್ಟದ ತಾಯಿ. ಮಹಾಲಕ್ಷ್ಮಿ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮಣ್ಣಿನಲ್ಲಿ ಕರ್ಪೂರ ಉರಿದ ಕಪ್ಪು. ಅದರ ಪಕ್ಕ ಇನ್ನೂ ಬಾಡದ ಬಿಲ್ವಪತ್ರಿಯ ಎರಡು ಎಸಳು.

* * *

ಮಧ್ಯಾಹ್ನದ ತನಕ ಅವಳು ಬಿಸಿಲಲ್ಲಿ ಅಳೆದಳು. ಗುಂಡಿಯ ಸುತ್ತ ನಾಲ್ಕು ಕಡೆ, ಆಮೇಲೆ ಹತ್ತು ಹೆಜ್ಜೆಗೊಮ್ಮೆ. ಆನಂದಕುಮಾರ ಛತ್ರಿ ಹಿಡಿದು ಹಿಂದೆಯೇ ನಡೆದ.

“ಏಳನೇದರ ಸೆಳೆತ ಮೂರು ತಿಂಗಳಿಂದ ಇಳಿಯಾಕತ್ತಿತ್ರಿ,” ಎಂದಳು.

“ಬ್ಯಾಸಿಗಿ ಅಲ್ರಿ. ನೆಲದ ನೀರು ಇಳದಿರಬೇಕು.”

“ನೀರಾದ್ರ ಹನ್ನೆಡ್ಡೂ ಇಳೀಬೇಕಿತ್ತು.”

“ನೆಲ ಉಬ್ಬಿದ್ರ?”

“ಆಗೂ ಇಳೀತೈತಿ, ಖರೇ; ಮ್ಯಾಲ ಹೋದಷ್ಟೂ ಸೆಳೆತ ಕಡಿಮಿ. ಜ್ವಾಲಾಮುಖಿ ಮ್ಯಾಲ ನಾವು ಮೊದಲು ನೋಡೋದು ಅದನ್ನಾ. ಎತ್ತರಾನೂ ಪ್ರತಿ ತಿಂಗಳು ಅಳದೀನ್ರಿ. ಒಂದು ಬೆರಳೂ ಏರಿಲ್ಲ.”

“ಹಂಗಾದ್ರ?”

“ನೆಲದಡಿ ಟೊಳ್ಳಾಗಾಕತ್ತೈತಿ. ಅಲ್ಲಿನ ಕಲ್ಲು ಯಾರೋ ಅಗದು ಹೊರಗ ಸಾಗಸಾಕತ್ಯಾರ.”

ಅಳತೆ ತಗ್ಗಿದ ಜಾಗಗಳನ್ನು ಅವಳು ನಕ್ಷೆಯಲ್ಲಿ ಜೋಡಿಸಿದಳು. ಗೆರೆ ನೆಟ್ಟಗೆ ಇಳಿದು ಗಣಿ ಆಫೀಸಿನ ಹಿತ್ತಲಿಗೆ ಹೋಯಿತು.

* * *

ಹಿತ್ತಲಲ್ಲಿ ಬೀಗ ಹಾಕಿದ ತಗಡಿನ ಶೆಡ್ಡು. ಪಕ್ಕದಲ್ಲೊಂದು ಬಿಲ್ವದ ಮರ. ಜಾಲಿ ಬಿಟ್ಟರೆ ಬೇರೇನೂ ಬೆಳೆಯದ ಆ ಗುಡ್ಡದಲ್ಲಿ ಇದ್ದದ್ದು ಅದೊಂದೇ ಬಿಲ್ವ. ಹಿತ್ತಲ ಗೇಟಿನ ಕೀಲಿ, ಶೆಡ್ಡಿನ ಕೀಲಿ ಎರಡೂ ಸಿದ್ದಲಿಂಗೇಶನ ಸೊಂಟದಲ್ಲಿದ್ದವು.

“ಹಿತ್ತಾಳಿ ಕದಿಯಾಂವ ರಸ್ತೆ ಮಗ್ಗಲಿನ ಒಂದನೇ ಕಲ್ಲು ಬಿಟ್ಟು, ಗುಡ್ಡದ ನಡುವಿನ ಏಳನೇದಕ್ಕ ಯಾಕ ಹೋಗ್ತಾನ?” ಮಹಾಲಕ್ಷ್ಮಿ ಕೇಳಿದಳು. “ಏಳನೇದು ಹಗುರಾಗಾಕತ್ತೈತಿ ಅಂತ ನಾ ಹೇಳಿದ್ದು ನಿಮಗೊಬ್ಬರಿಗೇ ಸಿದ್ದಲಿಂಗೇಶ ಅವರ. ಮ್ಯಾಲಿನ ಆಫೀಸಿಗೆ ತಿಳಸ್ರಿ ಅಂದಿದ್ದೆ. ಕಲ್ಲು ಹೋದ್ರ ಲೆಕ್ಕಾನೂ ಹೋತು ಅನಕೊಂಡ್ರಿ.”

“ಕಲ್ಲಿಗೆ ಪೂಜಿ ಮಾಡಿದಾಕಿ ನಿಮ್ಮವ್ವ,” ಎಂದ ಸಿದ್ದಲಿಂಗೇಶ.

“ಅದಕ್ಕಾ ನೀವು ಸಿಕ್ಕಿಬಿದ್ರಿ. ಇಬತ್ತಿ ಹಚ್ಚಿದ ಕಲ್ಲು ಕೀಳಾಕ ನಿಮಗ ಅಂಜಿಕಿ ಬಂತು. ಈ ಮರದ ಪತ್ರಿ ಏರಿಸಿ, ಕರ್ಪೂರ ಹಚ್ಚಿ, ತಪ್ಪಾತು ಅಂತ ಕೈಮುಗದು ಕಿತ್ರಿ. ಆಮ್ಯಾಲೆ ಬೋಲ್ಟು ಒಯ್ದು ಅವ್ವನ ಹಟ್ಟ್ಯಾಗ ಇಟ್ರಿ. ಅವ್ವ ಈ ಗೇಟಿನೊಳಗ ಕಾಲಿಟ್ಟಿಲ್ಲ.”

ಆನಂದಕುಮಾರ ಕೈ ಚಾಚಿದ. ಕೀಲಿ ಬಂತು. ಶೆಡ್ಡಿನೊಳಗೆ ಹಳೆಯ ಸುರಂಗದ ಬಾಯಿ, ಅದರಿಂದ ಹೊಸದಾಗಿ ಕೊರೆದ ದಾರಿ, ಅರವತ್ತು ಚೀಲ ಚಿನ್ನದ ಅದಿರು. ಏಳನೇ ಕಲ್ಲು ಮೂಲೆಯಲ್ಲಿ ಮಲಗಿತ್ತು. ಒಡೆಯಲು ಧೈರ್ಯ ಸಾಲದೆ ಸಿದ್ದಲಿಂಗೇಶ ಅದಕ್ಕೊಂದು ಟವೆಲ್ಲು ಹೊದಿಸಿದ್ದ.

ಸಿದ್ದಲಿಂಗೇಶ ಪೊಲೀಸ್ ಜೀಪು ಹತ್ತಿದ. ಆನಂದಕುಮಾರ ಗುಂಡಿಯ ಬಳಿ ಮರಳಿ, ಊರವರ ಎದುರಿಗೇ ಗಿರಿಯಮ್ಮನ ಮುಂದೆ ಟೋಪಿ ತೆಗೆದ. “ತಪ್ಪಾತಬೇ ಯವ್ವಾ. ನಿನ್ನ ಮ್ಯಾಲ ಅನುಮಾನ ಪಟ್ವಿ.”

ಗಿರಿಯಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. “ಇರ್ಲಿ ಬಿಡ್ರಿ ಸಾಹೇಬ್ರ. ನೆಲದೊಳಗ ಏನು ಕಡಿಮಿ ಆದ್ರೂ ನನ್ನ ಮಗಳಿಗೆ ಗೊತ್ತಾಗ್ತೈತಿ. ಅವ್ವನ ಮಾನ ಕಡಿಮಿ ಆದ್ರ ಸುಮ್ಮನಿರ್ತಾಳೇನು?”

ದೊಡ್ಡ ದೊಡ್ಡ ವಿಜ್ಞಾನಿಗಳು ಬೆನ್ನು ತಟ್ಟಿದಾಗ ಬರೀ ನಕ್ಕಿದ್ದ ಮಹಾಲಕ್ಷ್ಮಿ ಊರ ಮಂದಿಯೆದುರೇ ಅತ್ತುಬಿಟ್ಟಳು.