ಬ್ರಷ್ ದೊಡ್ಡಮ್ಮ

"ಸಿನಿಮಾ ಮುಗೀತಾ?" ಎಂದು ಬುಗುರಿ ಕೇಳಿದಳು.

"ಮುಗೀತು," ಎಂದಳು ದೊಡ್ಡಮ್ಮ.

"ಹಾಗಾದ್ರೆ ಶುರುವಾಗಿದ್ದು ಯಾವಾಗ?"

ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಕೋಣೆಯೂ ಹೆಚ್ಚುಕಡಿಮೆ ಕಪ್ಪೇ, ಕಿಟಕಿಗೆ ಸದಾ ದಪ್ಪ ಬಟ್ಟೆ ಇಳಿಬಿಟ್ಟಿರುತ್ತದೆ. ಫ್ಯಾನ್ ಹಾಕುವಂತಿಲ್ಲ, ಇದ್ದಿಲ ಪುಡಿ ಹಾರುತ್ತದೆ. ಮೇಜು ಮುಟ್ಟುವಂತಿಲ್ಲ, ಸ್ಟ್ಯಾಂಡಿಗೆ ಬಿಗಿದ ಕ್ಯಾಮೆರಾ ಅಲುಗುತ್ತದೆ. ನಿಂತಲ್ಲಿ ನಿಲ್ಲಲಾರದ್ದಕ್ಕೇ ಬುಗುರಿ ಎಂದು ಕರೆಸಿಕೊಂಡ ಹುಡುಗಿಗೆ ಆ ಕೋಣೆ ಒಂದು ಜೈಲು.

ದೊಡ್ಡಮ್ಮ ಅನಿಮೇಷನ್ ಸಿನಿಮಾ ಮಾಡುತ್ತಾಳೆ. ಹಾಗೆಂದರೆ ಕ್ಲಾಸಿನಲ್ಲಿ ಎಲ್ಲರ ಕಣ್ಣೂ ಅರಳುತ್ತದೆ. ಆದರೆ ಅವಳ ಸಿನಿಮಾದಲ್ಲಿ ಮಾತಾಡುವ ಪ್ರಾಣಿಗಳಿಲ್ಲ, ಓಡುವ ಕಾರುಗಳಿಲ್ಲ. ಹಾಳೆಯ ಮೇಲೆ ಇದ್ದಿಲಿನಲ್ಲಿ ಚಿತ್ರ ಬರೆಯುತ್ತಾಳೆ, ಫೋಟೊ ತೆಗೆಯುತ್ತಾಳೆ. ಬಟ್ಟೆಯಿಂದ ಚೂರು ಒರೆಸಿ, ಕೂದಲೆಳೆಯಷ್ಟು ಆಚೆಗೆ ಮತ್ತೆ ಬರೆದು, ಮತ್ತೆ ಫೋಟೊ ತೆಗೆಯುತ್ತಾಳೆ. ಇಡೀ ದಿನ ಇದೇ. ಸಂಜೆಯ ಹೊತ್ತಿಗೆ ಸಿನಿಮಾ ಕಣ್ಣು ಮಿಟುಕಿಸುವಷ್ಟು ಮುಂದೆ ಹೋಗಿದ್ದರೆ ಅದೇ ಹೆಚ್ಚು. ಒರೆಸಿದ ಗೆರೆಗಳ ಬೂದುಬಣ್ಣದ ಕಲೆ ಮಾತ್ರ ಹಾಳೆಯ ಮೇಲೆ ಹಾಗೇ ಉಳಿದುಬಿಡುತ್ತದೆ.

ಒಂದು ಕಾಲದಲ್ಲಿ ಅವಳಿಗೆ ಒಳ್ಳೆಯ ಕೆಲಸವಿತ್ತು. ಜಾಹೀರಾತು ಕಂಪನಿಯಲ್ಲಿದ್ದಾಗ ಒಂದು ಟೂತ್‌ಪೇಸ್ಟಿಗೆ ಕುಣಿಯುವ ಬ್ರಷ್ ಮಾಡಿಕೊಟ್ಟಿದ್ದಳು. ಬ್ರಷ್ ಮನೆಮಾತಾಯಿತು, ದೊಡ್ಡಮ್ಮ ಕೆಲಸ ಬಿಟ್ಟಳು. "ಬೇರೆಯವರ ಬ್ರಷ್ ಕುಣಿಸಿದ್ದು ಸಾಕು" ಎಂದಳಂತೆ. ಆಮೇಲೆ ಹೊಟ್ಟೆಪಾಡಿಗೆ ಡ್ರಾಯಿಂಗ್ ಕ್ಲಾಸು, ಉಳಿದ ಹೊತ್ತು ಈ ಕೋಣೆ. ಅವಳ ಸಿನಿಮಾಗಳು ದೂರದೂರುಗಳ ಚಿತ್ರೋತ್ಸವಗಳಿಗೆ ಹೋಗುತ್ತವೆ. ಅಲ್ಲಿಂದ ಅವಳು ಒಂದು ಬ್ಯಾಡ್ಜು, ಒಂದು ಬಟ್ಟೆ ಚೀಲ ತರುತ್ತಾಳೆ. ಚೀಲಗಳು ತರಕಾರಿಗೆ ಹೇಳಿ ಮಾಡಿಸಿದಂತಿವೆ ಎಂದು ಅಜ್ಜಿ ಹೊಗಳುತ್ತಾಳೆ.

ಈ ಹೊಸ ಸಿನಿಮಾಕ್ಕೆ ಬಹುಮಾನವೂ ಬಂದಿತ್ತು. ಎಡವಟ್ಟಾದದ್ದೇ ಅದರಿಂದ. ಪೇಪರಿನಲ್ಲಿ ಸುದ್ದಿ ಓದಿದ ಹೆಡ್ ಮಿಸ್, ಶುಕ್ರವಾರದ ಸಮಾರಂಭಕ್ಕೆ ದೊಡ್ಡಮ್ಮನನ್ನೇ ಮುಖ್ಯ ಅತಿಥಿಯಾಗಿ ಕರೆದುಬಿಟ್ಟಿದ್ದರು.

"ಸ್ಕೂಲಲ್ಲಿ ಇದನ್ನಾ ತೋರಿಸ್ತೀಯಾ?" ಬುಗುರಿಗೆ ಅಳುವೇ ಬಂತು. "ಅಜ್ಜಿ ಕೈ ಒಂದು ಲೋಟ ಎತ್ತುತ್ತೆ. ಅಷ್ಟೇ!"

"ಅಷ್ಟೇ," ದೊಡ್ಡಮ್ಮ ಒಪ್ಪಿಕೊಂಡಳು. "ಅದೂ ಒಂದೇ ಸಲಕ್ಕೆ ಎತ್ತಲ್ಲ."

"ಬ್ರಷ್ ತೋರಿಸು ದೊಡ್ಡಮ್ಮ, ಪ್ಲೀಸ್."

"ಬ್ರಷ್‌ನ ಎಲ್ಲರೂ ನೋಡಿದಾರಲ್ಲೇ. ಇದನ್ನ ಈ ಊರಲ್ಲಿ ಯಾರೂ ನೋಡಿಲ್ಲ."

ಯಾಕೆ ನೋಡಿಲ್ಲ ಎನ್ನುವುದು ಬುಗುರಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮ ಸಿನಿಮಾವಿದ್ದ ಪೆನ್‌ಡ್ರೈವನ್ನು ಬುಗುರಿಯ ಕೈಗೆ ಕೊಟ್ಟು, "ಮೊದಲೇ ಕಂಪ್ಯೂಟರ್ ಸರ್‌ಗೆ ಕೊಟ್ಟಿರು, ನಾನು ಆಮೇಲೆ ಬರ್ತೀನಿ" ಎಂದಳು.

ಶಾಲೆಯ ಗೇಟಿನಲ್ಲೇ, ಎಲ್ಲರೂ ಕನ್ನಡಕ ಎಂದೇ ಕರೆಯುವ ಗೆಳತಿ ಅಡ್ಡಗಟ್ಟಿದಳು. "ನಿನ್ನ ದೊಡ್ಡಮ್ಮನ ಸಿನಿಮಾದಲ್ಲಿ ಫೈಟಿಂಗ್ ಇದೆಯೇನೇ?"

"ಇಲ್ಲ."

"ಕಾಮಿಡಿ?"

ಬುಗುರಿ ಜೇಬಿನಲ್ಲಿದ್ದ ಪೆನ್‌ಡ್ರೈವನ್ನು ಹಿಡಿದುಕೊಂಡಳು. ಇಡೀ ಸ್ಕೂಲು ಆಕಳಿಸುವುದು, ಆಮೇಲೆ ಎಲ್ಲರೂ ತಿರುಗಿ ತನ್ನನ್ನೇ ನೋಡುವುದು ಕಣ್ಣಿಗೆ ಕಟ್ಟಿದಂತಾಯಿತು. ಅವಳು ಕನ್ನಡಕಳನ್ನು ಅಲ್ಲೇ ಬಿಟ್ಟು ಕಂಪ್ಯೂಟರ್ ಸರ್ ಹತ್ತಿರ ಓಡಿದಳು.

"ಸರ್, ದೊಡ್ಡಮ್ಮ ಹೇಳಿ ಕಳಿಸಿದಾರೆ. ಆ ಟೂತ್‌ಪೇಸ್ಟ್ ಬ್ರಷ್ ಇದೆಯಲ್ಲ, ಅದನ್ನೇ ಹಾಕ್ಬೇಕಂತೆ. ನೆಟ್‌ನಲ್ಲೇ ಸಿಗುತ್ತಂತೆ."

"ಓಹೋ!" ಸರ್ ಮುಖ ಊರಗಲವಾಯಿತು. "ಅದನ್ನ ಮಾಡಿದ್ದು ಅವರೇನಾ? ಚಿಕ್ಕವನಿದ್ದಾಗ ನಂಗೆ ಅದಂದ್ರೆ ಪ್ರಾಣ."

ಹಾಲ್ ತುಂಬಿತ್ತು. ಹೆಡ್ ಮಿಸ್ ಮುಖ್ಯ ಅತಿಥಿಯನ್ನು ಹಾಡಿ ಹೊಗಳಿದರು. ದೀಪಗಳು ಆರಿದವು. ಪರದೆಯ ಮೇಲೆ ನೀಲಿ ಬ್ರಷ್ ಟಣ್ಣನೆ ನೆಗೆದು ಬಂತು.

ಕಿವಿ ಗಡಚಿಕ್ಕುವ ಕೂಗು. ಹುಡುಗರು ಬೆಂಚು ಬಡಿದರು, ಟೀಚರ್‌ಗಳು ಹಾಡಿಗೆ ತಲೆದೂಗಿದರು. ಅರ್ಧ ನಿಮಿಷದಲ್ಲಿ ಮುಗಿದೇ ಹೋಯಿತು. "ಒನ್ಸ್ ಮೋರ್!" ಸರ್ ಮತ್ತೆ ಹಾಕಿದರು. ಇನ್ನೊಂದು ಸಲ ಹಾಕಿದಾಗ ಹೆಡ್ ಮಿಸ್ ಕಾಲೂ ತಾಳ ಹಾಕುತ್ತಿತ್ತು.

ಬುಗುರಿಯೂ ಚಪ್ಪಾಳೆ ತಟ್ಟಿದಳು. ತಟ್ಟುತ್ತಲೇ ವೇದಿಕೆಯ ಕಡೆ ನೋಡಿದಳು. ದೊಡ್ಡಮ್ಮ ನಗುತ್ತಿದ್ದಳು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರ ಹಾಗೆ.

ಪ್ರಶ್ನೆಗಳು ಶುರುವಾದವು. "ಮೇಡಂ, ಆ ಬ್ರಷ್ ಹೆಸರೇನು?" "ಅದು ಈಗ ಎಲ್ಲಿದೆ?" "ನೀವು ರಾತ್ರಿನೂ ಹಲ್ಲುಜ್ಜುತ್ತೀರಾ?"

ದೊಡ್ಡಮ್ಮ ಎಲ್ಲಕ್ಕೂ ಉತ್ತರ ಹೇಳಿದಳು. ರಾತ್ರಿಯೂ ಉಜ್ಜುತ್ತಾಳಂತೆ. ಹೆಡ್ ಮಿಸ್ ಅದನ್ನೇ ಹಿಡಿದುಕೊಂಡು, "ನೋಡಿದ್ರಾ ಮಕ್ಕಳೇ, ಇಷ್ಟು ದೊಡ್ಡ ಕಲಾವಿದೆ ನಮಗೆ ಎಂಥ ಸಂದೇಶ ಕೊಟ್ಟರು!" ಎಂದು ಭಾಷಣ ಮುಗಿಸಿದರು. ಮಕ್ಕಳು ಆಟೋಗ್ರಾಫಿಗೆ ಮುತ್ತಿಕೊಂಡರು. ಅವರ ಅಂಗೈಗಳ ಮೇಲೆಲ್ಲ ದೊಡ್ಡಮ್ಮ ಕುಣಿಯುವ ಬ್ರಷ್ ಬರೆದುಕೊಟ್ಟಳು.

"ಸೂಪರ್ ಕಣೇ, ನಿನ್ನ ಬ್ರಷ್ ದೊಡ್ಡಮ್ಮ!" ಎಂದಳು ಕನ್ನಡಕ. ಬೆಳಿಗ್ಗೆಯಿಂದ ಈ ಮಾತಿಗಾಗಿಯೇ ಬುಗುರಿ ಕಾದಿದ್ದಳು. ಆದರೆ ಈಗ ಅದನ್ನು ಕೇಳಿಯೂ ಕೇಳದವಳಂತೆ ಬ್ಯಾಗು ಹೆಗಲಿಗೇರಿಸಿಕೊಂಡಳು.

ಇಬ್ಬರೂ ನಡೆದೇ ಮನೆಗೆ ಹೊರಟರು. ಬಸ್ ಸ್ಟಾಪ್ ದಾಟಿದ ಮೇಲೆ ಬುಗುರಿಗೆ ತಡೆಯಲಾಗಲಿಲ್ಲ.

"ನಾನೇ ಸರ್‌ಗೆ ಹೇಳಿದ್ದು."

"ಗೊತ್ತು. 'ನೀವು ಹೇಳಿದ್ದನ್ನೇ ಹಾಕಿದೆ ಮೇಡಂ' ಅಂತ ಅವರು ಎಷ್ಟು ಖುಷಿಯಲ್ಲಿ ಹೇಳಿದ್ರು ಅಂದ್ರೆ, ನಾನೂ ಥ್ಯಾಂಕ್ಸ್ ಹೇಳಿದೆ."

"ಬೈಯಲ್ವಾ?"

"ಯಾಕೆ ಬೈಯಲಿ? ನನ್ನ ಜನ್ಮದಲ್ಲಿ ಇಷ್ಟು ಚಪ್ಪಾಳೆ ಬಿದ್ದಿಲ್ಲ." ಸ್ವಲ್ಪ ದೂರ ಹೋಗಿ ದೊಡ್ಡಮ್ಮ ಕೇಳಿದಳು, "ಆ ಸಿನಿಮಾ ತೋರಿಸಿದ್ರೆ ಏನಾಗುತ್ತೆ ಅಂದ್ಕೊಂಡೆ?"

"ಎಲ್ಲರೂ ನಗ್ತಾರೆ ಅಂತ. ನಿನ್ನ ನೋಡಿ."

"ನನ್ನ ನೋಡಿಯೋ, ನಿನ್ನ ನೋಡಿಯೋ?"

ಬುಗುರಿ ತನ್ನ ಶೂ ನೋಡುತ್ತಾ ನಡೆದಳು.

ಮನೆಯ ಬಾಗಿಲಲ್ಲೇ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಇಬ್ಬರೂ ಮೆಟ್ಟಿಲು ಹತ್ತುವ ಮೊದಲೇ ಕೇಳಿದಳು, "ಹೇಗಿತ್ತು? ನನ್ನ ಕೈ ನೋಡಿ ಮಕ್ಕಳು ಏನಂದ್ರು?"

ದೊಡ್ಡಮ್ಮ ಚಪ್ಪಲಿ ಬಿಡುವುದರಲ್ಲಿ ಮುಳುಗಿಬಿಟ್ಟಳು. ಅಷ್ಟು ಹೊತ್ತು ಬಿಡುವಂಥ ಚಪ್ಪಲಿಯೇನೂ ಅದಲ್ಲ.

ಅಜ್ಜಿಯ ಕೈಗಳು ಮಡಿಲಲ್ಲಿ ನಡುಗುತ್ತಿದ್ದವು. ಅವು ಯಾವಾಗಲೂ ನಡುಗುತ್ತವೆ. ಅಜ್ಜಿ ಆ ಫ್ಯಾನಿಲ್ಲದ ಕೋಣೆಯಲ್ಲಿ, ಸುಡುವ ಲೈಟಿನ ಕೆಳಗೆ, ದೊಡ್ಡಮ್ಮ ನೋಡಿ ಬರೆಯಲೆಂದು ಕೈ ಚಾಚಿ, ಎಷ್ಟೋ ಸಲ ಬೆವರು ಸುರಿಸುತ್ತಾ ಕೂತಿದ್ದನ್ನು ಬುಗುರಿ ಕಂಡಿದ್ದಳು. ಆಗ ಅದು ತಮಾಷೆ ಅನಿಸಿತ್ತು.

"ತೋರಿಸ್ಲಿಲ್ಲ ಅಜ್ಜಿ," ಎಂದಳು. "ನಾನೇ ಸುಳ್ಳು ಹೇಳಿ ಬ್ರಷ್ ಹಾಕಿಸ್ದೆ."

ಅಜ್ಜಿ ಅವಳ ತಲೆ ಸವರಿದಳು. "ಹೋಗ್ಲಿ ಬಿಡು. ಒಂದು ಲೋಟ ಎತ್ತೋದನ್ನ ನೋಡೋಕೆ ಅಷ್ಟು ಮಕ್ಕಳು ಯಾಕೆ ಕೂರ್ಬೇಕು, ಪಾಪ. ಮೊದಲು ಅವು ನೋಡ್ಲಿ, ಆಮೇಲೆ ನಾನು ನೋಡೋಣ ಅಂತಿದ್ದೆ."

"ನೀನಿನ್ನೂ ನೋಡೇ ಇಲ್ವಾ?"

"ನನ್ನ ಕೈ ನಾನು ದಿನಾ ನೋಡ್ತೀನಲ್ಲ," ಎಂದು ಅಜ್ಜಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಬುಗುರಿ ಜೇಬಿನಿಂದ ಪೆನ್‌ಡ್ರೈವ್ ತೆಗೆದಳು. "ಬಾ ಅಜ್ಜಿ."

ಕಪ್ಪು ಕೋಣೆಯಲ್ಲಿ ಇಬ್ಬರೂ ಅಂಟಿಕೊಂಡು ಕೂತರು. ಪರದೆಯ ಮೇಲೆ ಬೂದುಬಣ್ಣದ ಕೈ ಕಾಣಿಸಿತು, ಸ್ವಲ್ಪ ದೂರದಲ್ಲಿ ನೀರಿನ ಲೋಟ. ಕೈ ಹೊರಟಿತು. ನಡುಗಿತು. ಅದು ಬಿಟ್ಟುಬಂದ ಜಾಗದಲ್ಲೆಲ್ಲ ಒರೆಸಿದ ಬೆರಳುಗಳು ಮಸುಕಾಗಿ ನಿಂತೇ ಇದ್ದವು, ಕೈ ಎಷ್ಟು ದೂರದಿಂದ ಬಂದಿದೆ ಎನ್ನುವುದು ಕಾಣುವ ಹಾಗೆ. ಮೊನ್ನೆ ಅವೆಲ್ಲ ಬರೀ ಗಲೀಜು ಎಂದು ಬುಗುರಿ ಅಂದುಕೊಂಡಿದ್ದಳು.

"ಅಯ್ಯೋ, ಈಗ ನೀರು ಚೆಲ್ತೀನಿ, ನೋಡ್ತಿರು," ಎಂದು ಅಜ್ಜಿ ಕಿಸಕ್ಕನೆ ನಕ್ಕಳು.

ನೀರು ಚೆಲ್ಲಿತು. ಕೈ ಹಿಂದೆ ಸರಿಯಿತು. ಮತ್ತೆ ಹೊರಟಿತು. ಬಾಗಿಲಲ್ಲಿ ದೊಡ್ಡಮ್ಮ ಬಂದು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಬೆರಳುಗಳು ಲೋಟವನ್ನು ಮುಟ್ಟಿದವು, ಲೋಟ ವಾಲಿತು, ಇನ್ನೇನು ಬಿತ್ತು ಎನ್ನುವಾಗ ಬುಗುರಿಯ ಕೈ ತಾನಾಗಿಯೇ ಪರದೆಯ ಕಡೆ ಚಾಚಿಕೊಂಡಿತು.

"ಏ, ಸುಮ್ನಿರೇ," ಎಂದು ಅಜ್ಜಿ ಅವಳ ಕೈಯನ್ನು ಹಿಡಿದು ಕೆಳಗಿಳಿಸಿದಳು. "ನಾನೇ ಎತ್ತುತ್ತೀನಿ."

ಬುಗುರಿ ಅಲ್ಲಾಡದೆ ಕೂತು ಕಾದಳು.